ರಾಮಚಂದ್ರಪ್ಪನವರ ಗಿಟಾರಿನ ಆರೋಗ್ಯ

ಹರಿಹರದ ರಾಮಚಂದ್ರಪ್ಪನವರ ಮನೆಯ ಪಡಸಾಲೆಯಲ್ಲಿ, ಗಡಿಯಾರಕ್ಕೂ ಕ್ಯಾಲೆಂಡರಿಗೂ ನಡುವೆ, ಒಂದು ಗಿಟಾರು ಮೊಳೆಗೆ ನೇತಾಡುತ್ತಿತ್ತು. ಆ ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಎರಡು ಮಾತ್ರೆಗೆ ಇಳಿಯುತ್ತಿತ್ತು. ಗಿಟಾರಿಗೆ ಮಾತ್ರ ನಲವತ್ತು ವರ್ಷದಿಂದ ಒಂದಲ್ಲ ಒಂದು ಕಾಯಿಲೆ. ನೆಂಟರು ಬಂದು "ಒಂದೆರಡು ಬಾರಿಸ್ರಿ, ಕೇಳಾನ" ಅಂದರೆ ಸಾಕು, ರಾಮಚಂದ್ರಪ್ಪನವರ ಮುಖ ಆಸ್ಪತ್ರೆಯ ಬೆಂಚಿನ ಮೇಲೆ ಕೂತವರ ಮುಖದಂತಾಗುತ್ತಿತ್ತು. "ಕತ್ತು ಸ್ವಲ್ಪ ಬಾಗೈತ್ರಿ" ಎನ್ನುತ್ತಿದ್ದರು. ಮಳೆಗಾಲವಾದರೆ "ಮರ ಥಂಡಿ ಹಿಡಿದೈತೆ, ಈಗ ಮುಟ್ಟಂಗಿಲ್ಲ." ಬೇಸಿಗೆಯಾದರೆ "ಒಣಗಿರ್ತೈತೆ, ಕೈ ಹಚ್ಚಿದ್ರೆ ಸೀಳ್ತೈತೆ." ಚಳಿಗಾಲದಲ್ಲಿ ಬಂದ ಜಾಣ ನೆಂಟರಿಗೆ ಬೇರೆ ಉತ್ತರವಿತ್ತು, ತಂತಿ ಸರಿಯಿಲ್ಲ ಅಂತ.

ನಿಜ ಹೇಳಿಬಿಡುವುದೇ ಒಳ್ಳೆಯದು. ರಾಮಚಂದ್ರಪ್ಪನವರಿಗೆ ಗಿಟಾರ್ ಬಾರಿಸಲು ಬರುತ್ತಿರಲಿಲ್ಲ. ಅಷ್ಟಿಷ್ಟು ಬರುತ್ತಿತ್ತು, ಮರೆತುಹೋಗಿತ್ತು ಅಂತಲ್ಲ, ಸುತರಾಂ ಬರುತ್ತಿರಲಿಲ್ಲ. ಈ ಸಂಗತಿ ಹೆಂಡತಿ ಯಶೋದಮ್ಮನಿಗೆ ಗೊತ್ತಾಗದಂತೆ ಕಾಯುವುದೇ ಅವರ ಸಂಸಾರದ ಅತಿ ದೊಡ್ಡ ಕೆಲಸವಾಗಿತ್ತು. ಮನೆ ಕಟ್ಟಿಸಿದಾಗಲೂ ಅವರು ಇಷ್ಟು ಕಷ್ಟಪಟ್ಟಿರಲಿಲ್ಲ.

ಅವರದು ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಚಂದ್ರಕಲಾ ಫೋಟೋ ಸ್ಟುಡಿಯೋ. ಮೊಬೈಲು ಬಂದು ಎಲ್ಲರೂ ಫೋಟೋಗ್ರಾಫರುಗಳಾಗುವವರೆಗೂ ಅದು ಚೆನ್ನಾಗಿಯೇ ನಡೆಯಿತು. ಗಿಟಾರು ಅವರ ಕೈಗೆ ಬಂದದ್ದು ಸ್ಟುಡಿಯೋ ತೆರೆದ ಹೊಸದರಲ್ಲಿ. ಕಾರ್ಖಾನೆಗೆ ಯಂತ್ರ ಕೂರಿಸಲು ಬಂದಿದ್ದ ಪರದೇಶದ ಫಿಟ್ಟರ್ ಒಬ್ಬ ಊರಿಗೆ ಹೊರಡುವಾಗ ಸಾಮಾನು ಹೆಚ್ಚಾಯಿತೆಂದು, ತನ್ನ ಫೋಟೋಗಳನ್ನೆಲ್ಲ ಚೆನ್ನಾಗಿ ತೊಳೆದುಕೊಟ್ಟ ಯುವಕನಿಗೆ ಅದನ್ನು ಕೊಟ್ಟುಹೋದ. ರಾಮಚಂದ್ರಪ್ಪನವರಿಗೆ ಅದು ಅಷ್ಟೇನೂ ಹಿಡಿಸಲಿಲ್ಲ. ಆರ್ಕೆಸ್ಟ್ರಾದವರ ಗಿಟಾರುಗಳ ಮುಂದಿನ ಹಲಗೆ ಹಳದಿಯಾಗಿ ಮಿರಿಮಿರಿ ಮಿಂಚುತ್ತಿತ್ತು. ಇದು ಹಿಂದೆ, ಮುಂದೆ, ಪಕ್ಕ ಎಲ್ಲ ಒಂದೇ ಕಂದು, ಹಳೇ ಬಾಗಿಲಿನ ಬಣ್ಣ. ಅಗ್ಗದ ಸಾಮಾನು ಎಂದುಕೊಂಡೇ ಅವರು ಅದನ್ನು ಸ್ಟುಡಿಯೋದ ಮೂಲೆಯಲ್ಲಿ ಪ್ಲಾಸ್ಟಿಕ್ ಹೂವಿನ ಪಕ್ಕ ನಿಲ್ಲಿಸಿದರು.

ಆದರೆ ಹೆಣ್ಣು ಹುಡುಕುತ್ತಿದ್ದ ಹುಡುಗರ ಕಣ್ಣು ಅದರ ಮೇಲೆ ಬಿತ್ತು. ಆಗೆಲ್ಲ ಮೊದಲು ಹೋಗುತ್ತಿದ್ದುದು ಹುಡುಗನ ಫೋಟೋ, ಹುಡುಗ ಆಮೇಲೆ. ಸ್ಟುಡಿಯೋದಲ್ಲಿ ಎಲ್ಲರಿಗೂ ಹಾಕಲು ಒಂದೇ ಕರಿ ಕೋಟು, ರಬ್ಬರ್ ಪಟ್ಟಿಯ ಒಂದೇ ಟೈ ಇತ್ತು. ಈಗ ಗಿಟಾರೂ ಸೇರಿತು. ತೊಂದರೆಯೊಂದೇ. ಕಪ್ಪು ಬಿಳುಪಿನ ಫೋಟೋದಲ್ಲಿ ಕರಿ ಕೋಟಿನ ಮುಂದೆ ಕಂದು ಗಿಟಾರ್ ಹಿಡಿದರೆ ಎರಡೂ ಬೆರೆತುಹೋಗಿ ಹುಡುಗನಿಗೆ ಹೊಟ್ಟೆ ಬಂದಂತೆ ಕಾಣುತ್ತಿತ್ತು. ಅದಕ್ಕೆ ರಾಮಚಂದ್ರಪ್ಪನವರು ಉಪಾಯ ಕಂಡುಕೊಂಡರು. ಹುಡುಗನ ಮುಖಕ್ಕೆ ಪೌಡರ್ ಹಚ್ಚುವಾಗಲೇ ಗಿಟಾರಿಗೂ ಹಚ್ಚಿಬಿಡುವುದು. ಮುಖದ ಯಾವ ಕಡೆ ಚೆಂದವೋ ಆ ಕಡೆಗೆ ಗಿಟಾರಿನ ಕತ್ತು. ಹೀಗೆ ಲೋಕಿಕೆರೆಯ ಒಬ್ಬ ಎಡಗೈಯಲ್ಲಿ, ನಂದಿಗುಡಿಯ ಇನ್ನೊಬ್ಬ ಬಲಗೈಯಲ್ಲಿ, ಮತ್ತೊಬ್ಬ ಹಸುಗೂಸನ್ನು ಎತ್ತಿಕೊಂಡಂತೆ ತೊಡೆಯ ಮೇಲೆ ಮಲಗಿಸಿಕೊಂಡು, ಪೌಡರ್ ಮೆತ್ತಿದ ಅದೇ ಗಿಟಾರಿನ ಜೊತೆ ಫೋಟೋ ತೆಗೆಸಿಕೊಂಡರು. ತಾಲೂಕಿನ ಎಷ್ಟೋ ಮದುವೆಗಳು ಅದರಿಂದಲೇ ಕುದುರಿದವು ಎಂದು ರಾಮಚಂದ್ರಪ್ಪನವರು ಹೇಳಿಕೊಳ್ಳುತ್ತಿದ್ದರು. ಸುಳ್ಳೇನಲ್ಲ.

ತಮ್ಮ ಸರದಿ ಬಂದಾಗ ಅವರೂ ಕೋಟು ತೊಟ್ಟು, ಪೌಡರ್ ಹಚ್ಚಿ, ಕ್ಯಾಮೆರಾಕ್ಕೆ ಟೈಮರ್ ಇಟ್ಟು ಓಡಿಬಂದು ಕೂತರು. ಓಡಿಬಂದ ಏದುಸಿರಿಗೆ ತುಟಿ ಸ್ವಲ್ಪ ತೆರೆದಿತ್ತು. ಫೋಟೋದಲ್ಲಿ ಅದು ಹಾಡುತ್ತಿರುವಂತೆ ಬಂತು. ಫೋಟೋ ಕುಕ್ಕುವಾಡಕ್ಕೆ ಹೋಯಿತು. ಯಶೋದಮ್ಮನ ತಂದೆ ಕನ್ನಡಕ ಏರಿಸಿ ನೋಡಿ, "ಹುಡುಗ ಇದನ್ನ ಬಾರಿಸ್ತಾನೇನಪ್ಪಾ?" ಎಂದು ಕೇಳಿದರಂತೆ. ಸಂಬಂಧ ತಂದವನು, "ಬರದಿದ್ರೆ ಯಾರಾದ್ರೂ ಹಿಂಗ್ ತಬ್ಬಿಕೊಂಡು ಕೂಡ್ತಾರೇನ್ರಿ?" ಎಂದುಬಿಟ್ಟ. ಹೆಣ್ಣು ನೋಡಲು ಹೋದಾಗ ಯಶೋದಮ್ಮ ಕೇಳಿದ್ದೂ ಒಂದೇ ಮಾತು. "ನಿಮಗ ಗಿಟಾರ್ ಬರ್ತೈತಂತೆ. ಯಾವಾಗ ಬಾರಿಸ್ತೀರಿ?" ಕೇಳುವಾಗ ಆ ಹುಡುಗಿಯ ಕಣ್ಣಲ್ಲಿ ಎಂಥ ಆಸೆಯಿತ್ತೆಂದರೆ, ರಾಮಚಂದ್ರಪ್ಪನವರಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. "ಹೊಸಾ ತಂತಿ ಹಾಕಿಸ್ಬೇಕು" ಅಂದರು.

ಮದುವೆಯಾದ ಮೇಲೆ ಗಿಟಾರು ಮನೆಗೆ ಬಂದು ಗೋಡೆ ಸೇರಿತು. ಅದೇ ಹೊತ್ತಿಗೆ ಬಣ್ಣದ ಫಿಲ್ಮ್ ಬಂದು, ಹುಡುಗರು ಬೈಕಿನ ಮೇಲೆ ಕೂತು ಫೋಟೋ ತೆಗೆಸಿಕೊಳ್ಳಲು ಶುರುಮಾಡಿದ್ದರು. ಮೊದಲ ಶ್ರಾವಣದಲ್ಲಿ ಯಶೋದಮ್ಮ ದಾವಣಗೆರೆಗೆ ಹೋದವರು ಸೀರೆಯ ಜೊತೆ ಒಂದು ಕಟ್ಟು ಗಿಟಾರ್ ತಂತಿಯನ್ನೂ ತಂದು ಗಂಡನ ಕೈಗಿಟ್ಟರು. ಹಾರ್ಮೋನಿಯಂ ರಿಪೇರಿಯವನಿಂದ ತಂತಿ ಹಾಕಿಸಿದ್ದಾಯಿತು. ಆಗ ಹುಟ್ಟಿದ್ದೇ ಕತ್ತಿನ ಕಾಯಿಲೆ. ಎರಡು ಮೂರು ಸಲ ಕೇಳಿ ಯಶೋದಮ್ಮ ಸುಮ್ಮನಾದರು. ಆಮೇಲೆ ಯಾವತ್ತೂ ಕೇಳಲಿಲ್ಲ. ಬಚಾವಾದೆ ಎಂದುಕೊಂಡ ರಾಮಚಂದ್ರಪ್ಪನವರು ಅವತ್ತು ಎರಡು ಚಪಾತಿ ಹೆಚ್ಚಿಗೆ ತಿಂದರು.

ನಡುವೆ ಒಂದೆರಡು ವಿಚಿತ್ರಗಳು ನಡೆದಿದ್ದವು. ನೆಂಟರು ಬರುತ್ತಾರೆಂದು ಗೊತ್ತಾದರೆ ರಾಮಚಂದ್ರಪ್ಪನವರು ಮುಂಚೆಯೇ ಗಿಟಾರಿನ ತುದಿಯ ಕಿವಿಗಳನ್ನು ತಿರುವಿ ತಂತಿಗಳನ್ನು ಜೋಲು ಬಿಡುತ್ತಿದ್ದರು. ಕೆಲವು ದಿನ ಬಿಟ್ಟು ನೋಡಿದರೆ ಅವು ಮತ್ತೆ ಬಿಗಿಯಾಗಿರುತ್ತಿದ್ದವು. ಬಿಸಿಲಿಗೆ ಮರ ಉಬ್ಬಿ ತಂತಿ ಎಳೆದುಕೊಂಡಿರಬೇಕು ಎಂದು ತಮಗೆ ತಾವೇ ವಿವರಿಸಿಕೊಂಡರು. ಇನ್ನೊಮ್ಮೆ ಪಕ್ಕದ ಮನೆಯ ದುರುಗವ್ವ ಎದುರಾಗಿ, "ಯಜಮಾನ್ರೇ, ಮಧ್ಯಾಹ್ನ ನಿಮ್ಮನಿ ಗಿಟಾರ್ ಕೇಳ್ಕಂತ ನನ್ನ ಮೊಮ್ಮಗಳು ಹೆಂಗ್ ನಿದ್ದಿ ಹೋಗ್ತಾಳೆ ಅಂತೀರಿ!" ಅಂದಳು. ಯಾರದೋ ರೇಡಿಯೋ ಇರಬೇಕು, ಮುದುಕಿಗೆ ತಿಳಿಯುವುದಿಲ್ಲ ಎಂದು ಅವರಿಗೆ ಹೊಳೆಯಿತು. ಆದರೂ ತಾನಾಗಿ ಬಂದ ಹೊಗಳಿಕೆಯನ್ನು ವಾಪಸ್ ಕಳಿಸುವಷ್ಟು ಸಂನ್ಯಾಸಿ ಅವರಲ್ಲ. "ಏನೋ, ಹಿಂಗೇ ಒಂಚೂರು" ಎಂದು ನಾಚಿಕೊಂಡು ಮುಂದೆ ಹೋದರು.

ಸ್ಟುಡಿಯೋ ಮುಚ್ಚಿದ ಮೇಲೂ ಅವರು ಮಧ್ಯಾಹ್ನ ಮನೆಯಲ್ಲಿರುತ್ತಿರಲಿಲ್ಲ. ಊಟದ ತಟ್ಟೆ ತೊಳೆಯುವಷ್ಟರಲ್ಲಿ ಯಶೋದಮ್ಮ ಚಪ್ಪಲಿ ತಂದು ಮುಂದಿಡುತ್ತಿದ್ದರು. "ಹೋಗಿ ಬರ್ರಿ, ಮನ್ಯಾಗ ಕುಂತ್ರೆ ತುಕ್ಕು ಹಿಡೀತೀರಿ." ಹೆಂಡತಿಗೆ ತನ್ನ ಆರೋಗ್ಯದ ಮೇಲೆ ಎಷ್ಟು ಕಾಳಜಿ ಎಂದು ಹೆಮ್ಮೆಪಡುತ್ತ ಅವರು ಗೆಳೆಯ ಅಂಜಿನಪ್ಪನ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಸಂಜೆಯವರೆಗೆ ಹರಟುತ್ತಿದ್ದರು.

ಇಂತಿಪ್ಪ ಸಂಸಾರಕ್ಕೆ ಬಾಂಬು ಹಾಕಿದ್ದು ದಾವಣಗೆರೆಯಲ್ಲಿರುವ ಮಗಳು ಸುಧಾ. ಅಪ್ಪ ಅಮ್ಮನ ಮದುವೆಗೆ ನಲವತ್ತು ವರ್ಷ ತುಂಬುತ್ತದೆಂದು ಅವಳು ಅಪ್ಪನ ಆ ಹಳೇ ಫೋಟೋಕ್ಕೆ ಹೊಸ ಕಟ್ಟು ಹಾಕಿಸಲು ಒಯ್ದಿದ್ದಳು. ಫ್ರೇಮ್ ಅಂಗಡಿಯ ಪಕ್ಕದಲ್ಲೇ ತೌಸೀಫನ ಅಂಗಡಿ. ತೌಸೀಫ್ ವಾದ್ಯ ರಿಪೇರಿ ಮಾಡುವವನು. ಹಾರ್ಮೋನಿಯಂ, ಬ್ಯಾಂಜೋ, ಆರ್ಕೆಸ್ಟ್ರಾದ ಗಿಟಾರು, ಏನು ಕೊಟ್ಟರೂ ಬಿಚ್ಚುತ್ತಾನೆ, ಮತ್ತು ವಿಶೇಷವೆಂದರೆ ತಿರುಗಿ ಜೋಡಿಸುತ್ತಾನೆ. ಫೋಟೋ ನೋಡಿ ಅವನು ಎದ್ದು ನಿಂತ.

ಆ ಸಂಜೆಯೇ ಸುಧಾಳ ಫೋನು ಬಂತು. "ಅಪ್ಪಾಜಿ, ಆ ಗಿಟಾರ್‌ನ ತೌಸೀಫಣ್ಣ ಲೋಕಿಕೆರೆಯಾಗೆ ಒಬ್ರ ಮನೇಲಿ, ನಂದಿಗುಡಿಯಾಗೆ ಇನ್ನೊಬ್ರ ಮನೇಲಿ ಫೋಟೋದಾಗೆ ನೋಡ್ಯಾನಂತೆ. ಈ ಕಡಿ ಮಂದಿಯೆಲ್ಲ ಗಿಟಾರ್ ಬಾರಿಸ್ತಿದ್ರು ಅಂತ ತಿಳ್ಕಂಡಿದ್ನಂತೆ! ಭಾನುವಾರ ಕರ್ಕಂಡ್ ಬರ್ತೀನಿ. ಏನ್ ಕೆಟ್ಟಿದ್ರೂ ಸರಿ ಮಾಡ್ತಾನೆ. ಆಮೇಲೆ ವಾರ್ಷಿಕೋತ್ಸವದ ದಿನ ನೀವು ಅಮ್ಮನ ಮುಂದೆ ಬಾರಿಸ್ಲೇಬೇಕು, ನೆಪ ಹೇಳಂಗಿಲ್ಲ."

ರಾಮಚಂದ್ರಪ್ಪನವರು ಫೋನಿಟ್ಟು ಗೋಡೆಯ ಗಿಟಾರನ್ನು ನೋಡಿದರು. ಗಿಟಾರಿನ ಕಾಯಿಲೆ ವಾಸಿಯಾದರೆ ಅವರ ಗತಿ? ಅರವತ್ತೆಂಟರ ವಯಸ್ಸಿನಲ್ಲಿ ಮಗಳು, ಅಳಿಯ, ನೆಂಟರ ನಡುವೆ ಹೆಂಡತಿಯ ಮುಂದೆ ಸುಳ್ಳುಗಾರನಾಗಿ ಕೂರುವುದನ್ನು ನೆನೆದು ಅವರು ಊಟದ ತಟ್ಟೆ ಬಿಟ್ಟು ಎದ್ದರು. ಶನಿವಾರ ಯಶೋದಮ್ಮ ಹಿಟ್ಟಿನ ಗಿರಣಿಗೆ ಹೋದಾಗ ಅವರು ಸ್ಕ್ರೂಡ್ರೈವರ್ ಹಿಡಿದು ಗಿಟಾರನ್ನು ಕೆಳಗಿಳಿಸಿದರು. ರಿಪೇರಿಗೆ ಬಾರದಂತೆ ಒಂದು ಬಿರುಕು ಬಿಡಿಸಿದರೆ ಮುಗಿಯಿತು. ಹಿಂದಿನ ಹಲಗೆಯ ಅಂಚಿಗೆ ಸ್ಕ್ರೂಡ್ರೈವರ್ ಇಟ್ಟರು. ಒತ್ತಲು ಕೈ ಬರಲಿಲ್ಲ. ಎಷ್ಟೆಂದರೂ ತನಗೆ ಹೆಂಡತಿಯನ್ನು ತಂದುಕೊಟ್ಟ ಮರ. "ಏನ್ ಮಾಡಾಕತ್ತೀರಿ?" ಎಂದು ಬಾಗಿಲಲ್ಲಿ ದನಿ ಕೇಳಿತು. "ಧೂಳು ತೆಗೀತಿದ್ದೆ" ಎಂದರು. "ಸ್ಕ್ರೂಡ್ರೈವರ್‌ನಾಗ?" ಎಂದ ಯಶೋದಮ್ಮ ಗಿಟಾರನ್ನು ಅವರ ಕೈಯಿಂದ ತೆಗೆದುಕೊಂಡು ಸೆರಗಿನಿಂದ ಒರೆಸಿ ಮೊಳೆಗೆ ಹಾಕಿದರು. ಅವತ್ತಿಡೀ ಅವರು ಗಂಡನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅದೇಕೆಂದು ರಾಮಚಂದ್ರಪ್ಪನವರಿಗೆ ತಿಳಿಯಲಿಲ್ಲ.

ಭಾನುವಾರ ತೌಸೀಫ್ ಬಂದ. ನಲವತ್ತರ ಆಸುಪಾಸಿನ ಸಣಕಲು ಆಳು. ಗಿಟಾರನ್ನು ಚಾಪೆಯ ಮೇಲೆ ಮಲಗಿಸಿ, ಹಲ್ಲಿನ ಡಾಕ್ಟರು ಬಾಯೊಳಗೆ ಬಿಡುವಂಥ ಪುಟ್ಟ ಕನ್ನಡಿ ಮತ್ತು ಟಾರ್ಚು ತೆಗೆದ. ಸುಧಾ ಪಕ್ಕದಲ್ಲಿ ಕೂತಳು. ಅಡುಗೆಮನೆಯಲ್ಲಿ ಮಂಡಕ್ಕಿ ಒಗ್ಗರಣೆಯ ಸದ್ದು. ರಾಮಚಂದ್ರಪ್ಪನವರು ಕಂಬಕ್ಕೆ ಒರಗಿ ದೇವರ ಧ್ಯಾನ ಮಾಡುತ್ತಿದ್ದರು.

"ಯಾ ಅಲ್ಲಾ," ಎಂದ ತೌಸೀಫ್, ಟಾರ್ಚು ಬಿಟ್ಟು. "ಸಾರ್, ಮುಂದು ಹಿಂದು ಪಕ್ಕ, ಎಲ್ಲಾ ಮಹಾಗನಿ ಐತ್ರಿ! ಮಾಮೂಲಿ ಮುಂದಿನ ಹಲಗೆ ಬ್ಯಾರೆ ಬಿಳೀ ಮರದ್ದು ಇರ್ತೈತೆ. ಇದು ನಮ್ಮಪ್ಪ ಹುಟ್ಟೋಕಿಂತ ಮುಂಚಿನ ಮಾಲು ಇರ್ಬೇಕು. ಈ ಕಡಿ ನಾನು ಇನ್ನೊಂದು ನೋಡಿಲ್ಲ." ಹಳೇ ಬಾಗಿಲಿನ ಬಣ್ಣ ಎಂದು ತಾವು ಹಳಿದದ್ದು ನೆನಪಾಗಿ ರಾಮಚಂದ್ರಪ್ಪನವರು ಗಿಟಾರಿನ ಕಡೆ ನೋಡದೆ ಸೀಲಿಂಗ್ ಫ್ಯಾನ್ ನೋಡಿದರು.

ತೌಸೀಫ್ ಅದನ್ನು ಬೋರಲು ಹಿಡಿದು ಅಲುಗಾಡಿಸಿದ. ಹೊಟ್ಟೆಯಿಂದ ಒಂದು ಬಾಚಣಿಗೆ, ಎರಡು ಕೋಟಿನ ಗುಂಡಿ, ಮತ್ತು ಮುಷ್ಟಿಯಷ್ಟು ಬಿಳಿ ಪುಡಿ ಉದುರಿತು. ಮೂಸಿ ನೋಡಿ ಅವನು ಬೆರಗಾದ. "ಗೆದ್ದಲು ಹುಡಿ ಅನ್ಕಂಡೆ. ಇದು ಮಲ್ಲಿಗಿ ವಾಸ್ನಿ ಬರ್ತೈತಲ್ರಿ!" ಅಪ್ಪ ಹೇಳಿದ ಪೌಡರಿನ ಕತೆ ಕೇಳಿ ಸುಧಾ ಬಿದ್ದು ಬಿದ್ದು ನಕ್ಕಳು.

"ಹಿಂದೊಂದು ಸಣ್ಣ ಸೀಳು ಐತೆ, ಅಂಟು ಹಾಕಿ ಹಿಡೀಬಹುದು. ತಂತಿ ಕಟ್ಟೋ ಪಟ್ಟಿ ಒಂಚೂರು ಎದ್ದೈತೆ, ಕೂರಿಸ್ತೀನಿ. ಒಂದು ಕಿವಿ ಸವೆದೈತೆ. ಕತ್ತು..." ಎಂದು ಅವನು ಗಿಟಾರನ್ನು ಬಂದೂಕಿನಂತೆ ಕಣ್ಣಿಗೆ ಹಿಡಿದ. ರಾಮಚಂದ್ರಪ್ಪನವರು ಉಸಿರು ಬಿಗಿ ಹಿಡಿದರು. "ಕತ್ತು ನೆಟ್ಟಗೈತೆ ಸಾರ್. ಏನೂ ಆಗಿಲ್ಲ."

ಮಂಡಕ್ಕಿ ಪ್ಲೇಟು ಹಿಡಿದು ಹೊರಗೆ ಬಂದ ಯಶೋದಮ್ಮ ಅದನ್ನು ಕೇಳಿಸಿಕೊಂಡರು. ಪ್ಲೇಟನ್ನು ಮಗಳ ಮುಂದಿಟ್ಟು ಬಾಗಿಲಿಗೆ ಹೋಗಿ ನಿಂತರು.

ನಲವತ್ತು ವರ್ಷದ ಕತ್ತು ಒಂದು ನಿಮಿಷದಲ್ಲಿ ನೆಟ್ಟಗಾಯಿತು. ಇನ್ನು ಉಳಿದದ್ದು ಒಂದೇ ಭಯ. ತೌಸೀಫ್ ಈಗ ಕತ್ತಿನ ಮೇಲಿನ ಹಿತ್ತಾಳೆಯ ಅಡ್ಡ ಪಟ್ಟಿಗಳನ್ನು ಉಗುರಿನಿಂದ ಸವರತೊಡಗಿದ್ದ. "ಈ ಪಟ್ಟಿ ನೋಡಿದ್ರೆ ಸಾರ್, ಯಾರ್ ಎಷ್ಟ್ ಬಾರಿಸ್ಯಾರೆ ಅಂತ ಗೊತ್ತಾಗ್ತೈತೆ. ತಂತಿ ಒತ್ತಿ ಒತ್ತಿ ಹಿತ್ತಾಳಿ ಸವೀತೈತೆ. ಬಾರಿಸ್ದೇ ಇದ್ರೆ ಹೊಸಾದು ಇದ್ದಂಗ ಇರ್ತೈತೆ." ಅಯ್ಯೋ ಶಿವನೇ ಎಂದುಕೊಂಡರು ರಾಮಚಂದ್ರಪ್ಪನವರು. ಊರೆಲ್ಲ ಗೆದ್ದು ಈಗ ಈ ಹಿತ್ತಾಳೆ ಚೂರುಗಳ ಬಾಯಿಂದ ಸಿಕ್ಕಿಬೀಳಬೇಕೇ? ಎದ್ದು ಬಚ್ಚಲಿಗೆ ಹೋಗಿಬಿಡಲೇ ಎಂದು ನೋಡಿದರು. ಬಾಗಿಲಲ್ಲಿ ಯಶೋದಮ್ಮ ನಿಂತಿದ್ದರು.

ತೌಸೀಫ್ ತಲೆಯೆತ್ತಿದ. ಅವನ ಮುಖದಲ್ಲಿ ಗೌರವವಿತ್ತು.

"ಭಾರಿ ಬಾರಿಸೀರಿ ಸಾರ್! ಈ ಎರಡು ಸಣ್ಣ ತಂತಿ ಕೆಳಗೆ ನೋಡ್ರಿ, ಹೆಂಗ್ ಗುಳಿ ಬಿದ್ದಾವೆ. ವರ್ಷಾನುಗಟ್ಲೆ, ದಿನಾ ಬಾರಿಸ್ಬೇಕು ಹಿಂಗಾಗಾಕೆ. ಅದೂ ಒತ್ತಿ ಪಕ್ಕಕ್ಕ ಎಳೆದು, ವೀಣಿ ಬಾರಿಸ್ದಂಗೆ. ತೊಡಿ ಮ್ಯಾಲೆ ಮಲಗಿಸ್ಕಂಡು ಬಾರಿಸ್ತೀರಲ್ರಿ?"

ಸುಧಾ ಅಪ್ಪನನ್ನು ಮೆಚ್ಚುಗೆಯಿಂದ ನೋಡಿದಳು. ರಾಮಚಂದ್ರಪ್ಪನವರಿಗೆ ಬದುಕಿದೆ ಅನ್ನಿಸಿದ್ದು ಅರೆಗಳಿಗೆ ಮಾತ್ರ. ಗುಳಿ ಬಿದ್ದಿದೆಯಂತೆ. ಬೀಳಿಸಿದವರು ಯಾರು? ಕೋಟು ತೊಟ್ಟ ಹುಡುಗರು ಹಿಡಿದದ್ದು ಒಂದೊಂದು ನಿಮಿಷ. ಆಗ ಸರಿಯಾದ ತಂತಿಯೂ ಇರಲಿಲ್ಲ.

"ಸಾರ್," ತೌಸೀಫ್ ತಂತಿ ಕಟ್ಟುವ ಪಟ್ಟಿಯ ಪಕ್ಕದ ಹಲಗೆಯ ಮೇಲೆ ಬೆರಳಿಟ್ಟ. ಬೆಳಕಿಗೆ ವಾಲಿಸಿದಾಗ ಅಲ್ಲಿ ಕೂದಲೆಳೆಯಂಥ ನೂರಾರು ಗೀರುಗಳು ಕಂಡವು, ಎಲ್ಲವೂ ಬಿಲ್ಲಿನಂತೆ ಬಾಗಿದವು, ಒಂದರ ಪಕ್ಕ ಒಂದು. "ನೀವು ಕೈಗೆ ಕಡಗ ಹಾಕ್ಕಂತೀರೇನ್ರಿ?"

ಬಾಗಿಲ ಬಳಿ ಗಾಜಿನ ಬಳೆ ಸಣ್ಣಗೆ ಸದ್ದಾಗಿ, ತಟಕ್ಕನೆ ನಿಂತಿತು.

ರಾಮಚಂದ್ರಪ್ಪನವರು ಆ ಕಡೆ ನೋಡಿದರು. ಯಶೋದಮ್ಮ ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದರು. ಮುಖ ನೆಲ ನೋಡುತ್ತಿತ್ತು. ತಾನಾಗಿ ಬಿಗಿಯಾಗುತ್ತಿದ್ದ ತಂತಿ, ದುರುಗವ್ವನ ಮೊಮ್ಮಗಳ ನಿದ್ದೆ, ಮುಂದಿಟ್ಟ ಚಪ್ಪಲಿ, ಎಲ್ಲ ಒಟ್ಟಿಗೆ ಬಂದು ಅವರ ತಲೆಗೆ ಹೊಡೆದವು. ಹಾಗಾದರೆ ಇವಳಿಗೆ ಗೊತ್ತು. ಮೊದಲಿಂದಲೂ ಗೊತ್ತು. ಕಿವಿ ಬಿಸಿಯಾಯಿತು, ಸಿಟ್ಟೂ ಬಂತು. ಆದರೆ ಆ ಮುಚ್ಚಿಟ್ಟ ಕೈ ನೋಡುತ್ತ ನೋಡುತ್ತ ಸಿಟ್ಟು ನಿಲ್ಲಲಿಲ್ಲ. ಕಳ್ಳತನ ಮಾಡಿ ಸಿಕ್ಕಿಬಿದ್ದವಳಂತೆ ನಿಂತಿದ್ದಳು, ಇಷ್ಟು ವರ್ಷ ಸುಳ್ಳು ಹೇಳಿದವನು ತಾನಾಗಿದ್ದರೂ.

"ಹ್ಞೂ ಕಣಪ್ಪಾ," ಎಂದರು ರಾಮಚಂದ್ರಪ್ಪನವರು. "ವಯಸ್ಸಿನಾಗ ಹಾಕ್ಕಂತಿದ್ದೆ."

"ಯಾವಾಗ ಅಪ್ಪಾಜಿ? ನಾನು ನೋಡೇ ಇಲ್ಲ" ಎಂದಳು ಸುಧಾ.

"ನೀನು ಹುಟ್ಟೋಕಿಂತ ಮುಂಚೆ. ಮಂಡಕ್ಕಿ ತಿನ್ನು, ಮೆತ್ತಗಾಗ್ತೈತೆ."

ತೌಸೀಫ್ ಒಮ್ಮೆ ಯಜಮಾನರ ಬೋಳು ಮಣಿಕಟ್ಟು, ಒಮ್ಮೆ ಬಾಗಿಲ ಕಡೆ ನೋಡಿದ. ಮದುವೆಯಾದ ಗಂಡಸು, ಕೇಳಬಾರದ್ದನ್ನು ಕೇಳಲಿಲ್ಲ. ಗಿಟಾರನ್ನು ಚಾದರದಲ್ಲಿ ಸುತ್ತಿಕೊಂಡು ದಾವಣಗೆರೆಗೆ ಹೋದ.

ಗಿಟಾರಿಲ್ಲದ ದಿನಗಳಲ್ಲಿ ಯಶೋದಮ್ಮನಿಗೆ ಮಧ್ಯಾಹ್ನವೆನ್ನುವುದು ಬೇಡದ ನೆಂಟನಾಯಿತು. ಚಪ್ಪಲಿ ತಂದು ಮುಂದಿಡಲಿಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತು. ಕಣ್ಣು ಮುಚ್ಚಿ ಮಲಗಿದ್ದರೂ ಅವರ ಎಡಗೈ ಬೆರಳುಗಳು ಮಂಚದ ಅಂಚನ್ನು ಒತ್ತುತ್ತಿದ್ದವು, ಬಿಡುತ್ತಿದ್ದವು. ನಿದ್ದೆಯ ನಾಟಕ ಮಾಡುತ್ತ ರಾಮಚಂದ್ರಪ್ಪನವರು ಅದನ್ನು ನೋಡಿದರು. ಸುಳ್ಳು ಬಯಲಾದದ್ದಕ್ಕೆ ಅವರಿಗೀಗ ಅಷ್ಟು ನಾಚಿಕೆಯಿರಲಿಲ್ಲ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು, ಪಕ್ಕದ ಮನೆಯ ಕೂಸು ಕೇಳಿದ್ದನ್ನು ತಾನು ಒಂದು ದಿನವೂ ಕೇಳಲಿಲ್ಲವಲ್ಲ ಎಂದು ನಿಜವಾಗಿಯೂ ದುಃಖವಾಯಿತು. ಇಬ್ಬರೂ ಮಾತೆತ್ತಲಿಲ್ಲ. ಯಾರು ಮೊದಲು ಬಾಯಿಬಿಟ್ಟರೂ ಅವರೇ ಕಳ್ಳರಾಗುವ ಸಂದರ್ಭ.

ವಾರ್ಷಿಕೋತ್ಸವದ ಹಿಂದಿನ ದಿನ ಬೆಳಿಗ್ಗೆ ತೌಸೀಫ್ ಗಿಟಾರು ತಂದ. ಕಂದು ಮರ ಒಳಗಿಂದ ಕೆಂಪಗೆ ಹೊಳೆಯುತ್ತಿತ್ತು. ಅವನು ಯಜಮಾನರ ಕೈಗೇ ಕೊಟ್ಟರೂ ಮಾತು ಇಬ್ಬರಿಗೂ ಕೇಳುವಂತೆ ಹೇಳಿದ. "ತೊಡಿ ಮ್ಯಾಲೆ ಇಟ್ಕಂಡು ಬಾರ್ಸೋರಿಗೆ ಬೆರಳು ನೋಯದಂಗೆ ತಂತಿ ಇಳಿಸೀನ್ರಿ. ಎಲ್ಲಾ ಗೀರೂ ಉಜ್ಜೀನಿ. ಆ ಕಡಗದ ಗೀರು ಮಾತ್ರ ಬಿಟ್ಟೀನಿ. ತೆಗೀಬಹುದಿತ್ತು, ಮನಸಾಗಲಿಲ್ಲ."

ಊಟವಾಯಿತು. ರಾಮಚಂದ್ರಪ್ಪನವರು ತಾವೇ ಚಪ್ಪಲಿ ಮೆಟ್ಟಿದರು. ಗಿಟಾರನ್ನು ಮೊಳೆಗೆ ಹಾಕದೆ ಮಂಚದ ಮೇಲೆ ಮಲಗಿಸಿ, "ಅಂಜಿನಪ್ಪನ ಅಂಗಡಿಗೆ ಹೋಗ್ತೀನಿ. ಬರೋದು ಸಂಜೀಗೆ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ ಹೊರಟರು. ಹೋಗಿದ್ದು ಮನೆಯ ಗೋಡೆ ಬಳಸಿ, ಪಡಸಾಲೆಯ ಕಿಟಕಿಯ ಕೆಳಗಿನ ಬಟ್ಟೆ ಒಗೆಯುವ ಕಲ್ಲಿನವರೆಗೆ. ಕಲ್ಲು ಕಾದು ಹೆಂಚಾಗಿತ್ತು. ಪಂಚೆ ಮಡಚಿ ಕೂತರು.

ಒಳಗೆ ಮಂಚ ಕಿರ್ರೆಂದಿತು. ಆಮೇಲೆ ಬಳೆಯ ಸದ್ದು, ಅದರ ಹಿಂದೆಯೇ ಒಂದು ಸ್ವರ. ಕುಕ್ಕುವಾಡದಲ್ಲಿ ಯಶೋದಮ್ಮನ ತಾಯಿ ಬೀಸುಕಲ್ಲಿನ ಮುಂದೆ ಹಾಡುತ್ತಿದ್ದ ಪದ ಅದು. ಮದುವೆಯ ಹೊಸದರಲ್ಲಿ ಅತ್ತೆಯ ಬಾಯಲ್ಲಿ ಅವರೂ ಕೇಳಿದ್ದರು. ಒಂದೇ ತಂತಿಯ ಮೇಲೆ, ಎಳೆದು, ಜಗ್ಗಿ, ನಡುವೆ ನಿಂತು ಉಸಿರು ತೆಗೆದುಕೊಂಡು ಬರುತ್ತಿತ್ತು. ಗಿಟಾರನ್ನು ಹಾಗೆ ಬಾರಿಸುತ್ತಾರೋ ಇಲ್ಲವೋ ರಾಮಚಂದ್ರಪ್ಪನವರಿಗೆ ತಿಳಿಯದು. ತಿಳಿಯಲು ಅವರಿಗೆ ಗಿಟಾರ್ ಬರಬೇಕಲ್ಲ. ಕಣ್ಣು ಮಾತ್ರ ತುಂಬಿ ಬಂತು.

ಪದ ಅರ್ಧಕ್ಕೆ ನಿಂತಿತು. ಕಿಟಕಿಯಿಂದ ದನಿ ಬಂತು. "ಬಿಸಿಲಾಗ ಯಾಕ ಕುಂತೀರಿ? ಒಳಗ ಬಂದು ಕೇಳ್ರಿ."

ರಾಮಚಂದ್ರಪ್ಪನವರು ಎದ್ದು, ತಲೆ ತಗ್ಗಿಸಿ ಒಳಗೆ ಬಂದು ಗೋಡೆಗೊರಗಿ ಕೂತರು. "ನನಗ ಬಾರ್ಸಾಕ ಬರಂಗಿಲ್ಲ ಯಶೋದಾ," ಎಂದರು. ಹೇಳಿದ ಮೇಲೆ ಅದು ಬಲು ಸಣ್ಣ ವಾಕ್ಯ ಅನ್ನಿಸಿತು.

"ಗೊತ್ತೈತೆ ಬಿಡ್ರಿ. ತಂತಿ ಹಾಕಿಸ್ಕಂಡ್ ಬಂದ ದಿನಾನೇ ಗೊತ್ತಾತು. ಒಂದ್ಸಲ ಟಿಂಗ್ ಅನ್ಸಿ ನೀವೇ ಹೆದರಿಬಿಟ್ರಿ."

"ಮತ್ತೆ ಯಾಕ ಸುಮ್ನಿದ್ದೆ? ನೆಂಟರ ಮುಂದೆಲ್ಲ ಅಷ್ಟು ಬುರುಡೆ ಬಿಟ್ನಲ್ಲ."

ಯಶೋದಮ್ಮ ಗಿಟಾರಿನ ಮೇಲೆ ಕೈಯಾಡಿಸಿದರು. ಬಳೆಗಳು ತಮ್ಮ ಹಳೇ ಗೀರುಗಳ ಮೇಲೆಯೇ ಹೋಗಿ ಕೂತವು. "ನಿಮಗ ಬರ್ತಿದ್ರೆ ಇದು ನನ್ನ ಕೈಗೆ ಸಿಗ್ತಿತ್ತೇನ್ರಿ? ನೀವು ಬಾರಿಸ್ತಿದ್ರಿ, ನಾನು ಚಾ ತಂದ್ಕೊಟ್ಟು ಕೇಳ್ತಿದ್ದೆ."

ರಾಮಚಂದ್ರಪ್ಪನವರು ಎದ್ದು ಅಡುಗೆಮನೆಗೆ ಹೋಗಿ ಚಾಕ್ಕೆ ಇಟ್ಟರು.

ಚಾ ಕುದಿಯುವಾಗಲೇ ಸುಧಾಳ ಫೋನು. ಯಶೋದಮ್ಮ ತೆಗೆದರು. ನಾಳೆ ಅಪ್ಪಾಜಿ ಬಾರಿಸ್ತಾರಲ್ಲ ಎಂದು ಆ ಕಡೆಯಿಂದ ಕೇಳಿದ್ದು ಅಡುಗೆಮನೆಯವರೆಗೂ ಕೇಳಿತು. ರಾಮಚಂದ್ರಪ್ಪನವರು ಒಲೆಯ ಉರಿ ಸಣ್ಣಗೆ ಮಾಡಿ ಕಿವಿಗೊಟ್ಟರು.

"ನಾಳೆ ಬಾರ್ಸೋದು ನಾನು" ಎಂದರು ಯಶೋದಮ್ಮ. "ನೀನಾ?" ಎಂದಳು ಮಗಳು. "ಹೂನವ್ವ, ನಾನೇ. ಆಮ್ಯಾಲೆ ನಿಮ್ಮಪ್ಪ ಅದನ್ನ ಹಿಡ್ಕಂಡು ಫೋಟೋ ತೆಗೆಸ್ಕಂತಾರೆ. ಅದು ಅವರಿಗೆ ಚೆನ್ನಾಗಿ ಬರ್ತೈತೆ."

ರಾಮಚಂದ್ರಪ್ಪನವರು ಚಾ ಸೋಸಿ ಹೆಂಡತಿಯ ಮುಂದಿಟ್ಟು, ಪೌಡರ್ ಡಬ್ಬಿ ಎಲ್ಲಿದೆಯೆಂದು ನೋಡಲು ಒಳಗೆ ಹೋದರು.